ರಜೆ ಬೇರೆ, ಸಬ್ಬತ್ ಬೇರೆ (ಭಾಗ 4)

ಹೋದ ಭಾಗ ಓದಿ ಸುಮಾರು ಜನ ಒಂದೇ ಪ್ರಶ್ನೆ ಕೇಳಿದ್ರಿ. ಯೇಸುವನ್ನ ನಂಬೋರು ಭಾನುವಾರ ತಾನೇ ಚರ್ಚಿಗೆ ಹೋಗೋದು, ಈ ಮೆಸ್ಸಿಯಾನಿಕ್ ಯೆಹೂದ್ಯರು ಯಾಕೆ ಶನಿವಾರ ಹಿಡ್ಕೊಂಡು ಕೂತಿದ್ದಾರೆ ಅಂತ.

ಅರ್ಧ ಉತ್ತರ ಸುಲಭ. ಅವರು ಹುಟ್ಟಿನಿಂದ ಯೆಹೂದ್ಯರು. ಯೇಸುವನ್ನ ಯೇಶುವಾ ಅಂತ ಹೀಬ್ರೂ ಹೆಸರಲ್ಲೇ ಕರೀತಾರೆ, ಅವನೇ ತಮ್ಮ ಮೆಸ್ಸೀಯ ಅಂತಾರೆ. ಅವನೇ ಸಬ್ಬತ್ ದಿನ ಸಭಾಮಂದಿರಕ್ಕೆ ಹೋಗ್ತಿದ್ದ, ಹಾಗಿರುವಾಗ ನಾವ್ಯಾಕೆ ಬಿಡಬೇಕು ಅನ್ನೋದು ಅವರ ವಾದ. ಇದು ನಿನ್ನೆ ಮೊನ್ನೆಯ ಹೊಸ ಟ್ರೆಂಡ್ ಅಲ್ಲ. 1880ರ ದಶಕದಲ್ಲೇ ಈಗಿನ ಮಾಲ್ಡೋವಾದ ಕಿಶಿನೆವ್‌ನಲ್ಲಿ ಜೋಸೆಫ್ ರಬಿನೋವಿಚ್ ಇಂಥ ಒಂದು ಸಭೆ ಕಟ್ಟಿ ಶನಿವಾರವೇ ಜನರನ್ನ ಸೇರಿಸ್ತಿದ್ರು. ಇನ್ನು ಇಸ್ರೇಲ್‌ನಲ್ಲಂತೂ ಭಾನುವಾರ ಆಫೀಸು, ಸ್ಕೂಲು ಎಲ್ಲಾ ಇರುತ್ತೆ. ಹೀಬ್ರೂನಲ್ಲಿ ಭಾನುವಾರದ ಹೆಸರೇ 'ಮೊದಲನೇ ದಿನ', ಸೋಮವಾರ 'ಎರಡನೇ ದಿನ'. ಹೀಗೆ ಆರು ದಿನಕ್ಕೂ ಬರೀ ನಂಬರ್, ಏಳನೆಯದಕ್ಕೆ ಮಾತ್ರ ಹೆಸರು. ನಮ್ಮಲ್ಲಿ ಏಳು ದಿನಕ್ಕೂ ಗ್ರಹಗಳ ಹೆಸರಿದೆ, ಅದ್ರಲ್ಲಿ ಶನಿವಾರ ಅಂದ್ರೆ ಹೊಸ ಕೆಲಸ ಶುರುಮಾಡೋಕೆ ಹಿಂದೆಮುಂದೆ ನೋಡೋರೇ ಜಾಸ್ತಿ!

ಫೋಟೋದಲ್ಲಿರೋ ಎರಡು ಮೇಣದಬತ್ತಿ ನೋಡಿ. ಶುಕ್ರವಾರ ಸೂರ್ಯ ಮುಳುಗೋ ಮೊದಲು ಹಚ್ಚೋದು. ಪಕ್ಕದಲ್ಲಿ ಜಡೆ ಹೆಣೆದಂಗೆ ಇರೋ ಎರಡು ಬ್ರೆಡ್. ಮರುಭೂಮಿಯಲ್ಲಿ ಶುಕ್ರವಾರ ಎರಡು ದಿನದ ಮನ್ನ ಸಿಕ್ತಿತ್ತು ಅನ್ನೋದರ ನೆನಪು ಅದು. ಶನಿವಾರ ರಾತ್ರಿ ಮೂರು ನಕ್ಷತ್ರ ಕಂಡ ಮೇಲೆ ದ್ರಾಕ್ಷಾರಸ, ಪರಿಮಳದ ಮಸಾಲೆ, ಹೆಣೆದ ಮೇಣದಬತ್ತಿ ಇಟ್ಟುಕೊಂಡು ದಿನವನ್ನ ಬೀಳ್ಕೊಡ್ತಾರೆ. ರೀಲ್ಸ್‌ನಲ್ಲಿ ಚೆಂದ ಕಾಣೋದು ಇಷ್ಟೇ. ಆಮೇಲೆ 'ಡಿಜಿಟಲ್ ಡಿಟಾಕ್ಸ್' ಅಂತ ಒಂದು ಹೆಸರು ಅಂಟಿಸಿ ಮುಗಿಸ್ತಾರೆ. ನನ್ನ ತಕರಾರು ಅಲ್ಲೇ ಇರೋದು.

ಬೈಬಲ್‌ನಲ್ಲಿ ಈ ಆಜ್ಞೆ ಎರಡು ಕಡೆ ಬರುತ್ತೆ, ಆದ್ರೆ ಕಾರಣ ಬೇರೆಬೇರೆ. ವಿಮೋಚನಕಾಂಡದಲ್ಲಿ ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ನಿಲ್ಲಿಸಿದ ಅನ್ನೋ ಕಾರಣ. ಧರ್ಮೋಪದೇಶಕಾಂಡದಲ್ಲಿ ಕಾರಣ ಈಜಿಪ್ಟು: ನೀವು ಅಲ್ಲಿ ಗುಲಾಮರಾಗಿದ್ರಿ, ಅದನ್ನ ನೆನಪಿಡಿ ಅಂತ. ಗುಲಾಮನಿಗೆಲ್ಲಿಯ ರಜೆ? ಅದಕ್ಕೇ ಆ ಪಟ್ಟಿಯಲ್ಲಿ ಮನೆ ಯಜಮಾನ ಒಬ್ಬನೇ ಇಲ್ಲ. ಮಗ, ಮಗಳು, ಆಳು, ಎತ್ತು, ಕತ್ತೆ, ಊರಲ್ಲಿರೋ ಪರದೇಶಿ, ಎಲ್ಲರೂ ಇದ್ದಾರೆ. ಯಜಮಾನನ ಹಾಗೇ ಆಳಿಗೂ ವಿಶ್ರಾಂತಿ ಸಿಗಬೇಕು ಅನ್ನೋದು ಅಲ್ಲಿ ಸ್ಪಷ್ಟವಾಗಿ ಇದೆ. ನಾವು ಕಾಮರ್ಸ್‌ನೋರು 1948ರ ಫ್ಯಾಕ್ಟರಿ ಕಾಯ್ದೆಯ 52ನೇ ಸೆಕ್ಷನ್, ವಾರದ ರಜೆ ಅಂತ ಬಾಯಿಪಾಠ ಮಾಡ್ತೀವಲ್ಲ, ಅದರ ಅಜ್ಜಿ ಇದು ಅನ್ಕೊಳ್ಳಿ.

ಈಗ ನೇರವಾಗಿ ಹೇಳ್ತೀನಿ. ಮೆಸ್ಸಿಯಾನಿಕ್ ಸಭೆಗಳಲ್ಲಿ ಆಚರಣೆ ಒಂದೇ ಥರ ಇಲ್ಲ. ರಬ್ಬಿಗಳು ಪಟ್ಟಿಮಾಡಿದ 39 ಬಗೆಯ ಕೆಲಸ ಬಿಡೋರೂ ಇದ್ದಾರೆ, ಕಾರ್ ಓಡಿಸ್ಕೊಂಡು ಆರಾಧನೆಗೆ ಬರೋರೂ ಇದ್ದಾರೆ. ಕಾರಿನ ಬಗ್ಗೆ ನಂದೇನೂ ಅಭ್ಯಂತರ ಇಲ್ಲ. ಆದ್ರೆ ಪ್ರಾರ್ಥನೆ ಮುಗಿಸಿ ಸೀದಾ ಹೋಟೆಲ್ಲಿಗೆ ಹೋಗಿ ಕೂತ್ರೆ? ನಿಮ್ಮ ವಿಶ್ರಾಂತಿಗೆ ಇನ್ನೊಬ್ಬ ತಟ್ಟೆ ತೊಳೀತಿದ್ದಾನೆ. ನಿಯಮ ಎಷ್ಟು ಕಟ್ಟುನಿಟ್ಟು ಅನ್ನೋದಕ್ಕಿಂತ ಇದು ನಂಗೆ ದೊಡ್ಡ ಪ್ರಶ್ನೆ. ಯೇಶುವಾ ಸಬ್ಬತ್ ದಿನವೇ ರೋಗಿಗಳನ್ನ ವಾಸಿಮಾಡಿ ಬೈಸಿಕೊಂಡವನು. ಅವನ ಹೆಸರು ಹೇಳೋರಿಗೆ ಆ ತಟ್ಟೆ ತೊಳೆಯೋನು ಮೊದಲು ಕಾಣಬೇಕಲ್ವಾ?

ಹಾಗಂತ ಅವರನ್ನ ಎರಡೂ ಕಡೆಯೋರು ದೂರ ತಳ್ಳೋದೂ ನಂಗೆ ಸರಿ ಕಾಣಲ್ಲ. ಕ್ರಿ.ಶ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನ ಬಿಡುವಿನ ದಿನ ಮಾಡಿದ. ಅದೇ ಶತಮಾನದಲ್ಲಿ ಲವೊದಿಕೀಯದ ಸಭೆ, ಕ್ರೈಸ್ತರು ಶನಿವಾರ ಯೆಹೂದ್ಯರ ಥರ ಕೆಲಸ ಬಿಟ್ಟು ಕೂರಬಾರದು ಅಂತ ನಿಯಮ ಮಾಡ್ತು. ಆ ಕಡೆ ಇಸ್ರೇಲಿನ ಸುಪ್ರೀಂ ಕೋರ್ಟ್ 1989ರಲ್ಲಿ, ಮರಳಿ ಬರುವ ಹಕ್ಕಿನ ಕಾಯ್ದೆಯಡಿ ಮೆಸ್ಸಿಯಾನಿಕ್ ಯೆಹೂದ್ಯರನ್ನ ಯೆಹೂದ್ಯರು ಅಂತ ಪರಿಗಣಿಸೋಕಾಗಲ್ಲ ಅಂದಿತು. ಚರ್ಚಿಗೆ ಇವರು ಜಾಸ್ತಿ ಯೆಹೂದ್ಯರು, ಕೋರ್ಟಿಗೆ ಕಮ್ಮಿ. ಇಂಥ ಸ್ಥಿತಿಯಲ್ಲಿ ಶುಕ್ರವಾರದ ದೀಪ ಬರೀ ಆಚಾರ ಆಗಿರಲ್ಲ, ಅಜ್ಜ ಅಜ್ಜಿಯರ ಜೊತೆ ಉಳಿದಿರೋ ಕೊಂಡಿ ಆಗಿರುತ್ತೆ.

ಯೆಹೂದ್ಯರಲ್ಲದವರು ಶನಿವಾರ ಶುರುಮಾಡಿ, ಭಾನುವಾರ ಚರ್ಚಿಗೆ ಹೋಗೋರೆಲ್ಲ ದಾರಿ ತಪ್ಪಿದ್ದಾರೆ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ತೆಗೆದು ನೋಡಿ. ಅನ್ಯಜನರಿಂದ ಬಂದೋರಿಗೆ ಹಾಕಿದ ನಾಲ್ಕು ನಿಯಮದಲ್ಲಿ ಸಬ್ಬತ್ ಇಲ್ಲ.

ನಮ್ಮ ಪಕ್ಕದ ಕೊಂಕಣದಲ್ಲೇ ಬೆನೆ ಇಸ್ರೇಲಿಗಳಿದ್ರು. ಅವರು ಮೆಸ್ಸಿಯಾನಿಕ್ ಅಲ್ಲ, ಅಪ್ಪಟ ಯೆಹೂದ್ಯರು, ಕಸುಬು ಎಣ್ಣೆ ತೆಗೆಯೋದು. ಶನಿವಾರ ಗಾಣ ನಿಲ್ಲಿಸ್ತಿದ್ದಕ್ಕೆ ಅಕ್ಕಪಕ್ಕದೋರು ಅವರಿಗೆ 'ಶನಿವಾರ ತೇಲಿ' ಅಂತ, ಅಂದ್ರೆ ಶನಿವಾರದ ಗಾಣಿಗರು ಅಂತ ಹೆಸರಿಟ್ರು. ಗಾಣ ನಿಂತ್ರೆ ಅವತ್ತಿನ ಎಣ್ಣೆ ಇಲ್ಲ, ದುಡ್ಡೂ ಇಲ್ಲ. ಗಾಣದ ಎತ್ತಿಗೂ ಅವತ್ತು ರಜೆ.

ಮೆಸ್ಸಿಯಾನಿಕ್ ಯೆಹೂದ್ಯರು ನಿಮ್ಮ ಕ್ಲಾಸಲ್ಲಿ ಇರ್ಲಿಕ್ಕಿಲ್ಲ, ಆದ್ರೆ ಶನಿವಾರ ಪಾಲಿಸೋ ಸೆವೆಂತ್ ಡೇ ಅಡ್ವೆಂಟಿಸ್ಟ್ ಹುಡುಗನೋ ಹುಡುಗಿಯೋ ಇರಬಹುದು. ಶನಿವಾರ ಇಂಟರ್ನಲ್ಸ್ ಇಟ್ರೆ ಅವರ ಮಾರ್ಕ್ಸ್ ಹೋಗುತ್ತೆ. ಸಿಆರ್ ಆಗಿರೋರು ಟೈಮ್‌ಟೇಬಲ್ ಫೈನಲ್ ಆಗೋ ಮೊದಲೇ ಎಚ್‌ಒಡಿ ಹತ್ರ ಒಂದು ಮಾತು ಆಡಿ. ಶುಕ್ರವಾರ ಮಧ್ಯಾಹ್ನಕ್ಕೆ ಹಾಕಿದ್ರೂ ಸಾಕು, ಸೂರ್ಯ ಮುಳುಗೋ ಮೊದಲು ಮುಗಿದ್ರಾಯ್ತು.