ಉಪ್ಪು ಬೆರೆತರೆ ನವನೀತ ನಿರ್ದೋಷವೇ?

ಬೇಸಿಗೆಯ ರಜೆಯಲ್ಲಿ ಬಸದಿಯೊಂದರ ಆವರಣದಲ್ಲಿ ಮಕ್ಕಳಿಗಾಗಿ ಧರ್ಮಶಿಕ್ಷಣ ಶಿಬಿರವೊಂದು ನಡೆಯಿತು. ಬೆಳಗಿನ ಅಭಿಷೇಕ, ಣಮೋಕಾರ ಮಂತ್ರದ ಪಠಣ, ಅಷ್ಟಮೂಲಗುಣಗಳ ಪಾಠ ಎಲ್ಲವೂ ಕ್ರಮವಾಗಿ ಸಾಗಿದವು. ಪಾಠ ಮುಗಿಸಿ ಉಪಾಹಾರಕ್ಕೆ ಕುಳಿತ ಮಕ್ಕಳ ತಟ್ಟೆಗೆ ಬಂದದ್ದು ಬಿಸಿ ಚಪಾತಿ. ಅದರ ಮೇಲೆ ಅಂಗಡಿಯ ಪೊಟ್ಟಣದಿಂದ ಕತ್ತರಿಸಿ ಹಾಕಿದ ಹಳದಿ ಬಣ್ಣದ ಉಪ್ಪುಬೆಣ್ಣೆಯ ತುಂಡು. “ನವನೀತವು ಶ್ರಾವಕರಿಗೆ ವರ್ಜ್ಯವಲ್ಲವೇ?” ಎಂದು ವಿನಯದಿಂದಲೇ ಕೇಳಿದೆ. ವ್ಯವಸ್ಥಾಪಕರೊಬ್ಬರು ನಗುತ್ತ ಹೇಳಿದರು: “ಇದರಲ್ಲಿ ಉಪ್ಪಿದೆ, ಜೀವೋತ್ಪತ್ತಿ ಆಗುವುದಿಲ್ಲ. ಮೇಲಾಗಿ ಬೆಳೆಯುವ ಮಕ್ಕಳಿಗೆ ಪುಷ್ಟಿ ಬೇಡವೇ?”

ಈ ಎರಡು ಮಾತುಗಳು ಒಬ್ಬ ವ್ಯಕ್ತಿಯ ಮಾತುಗಳಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಆದರೆ ಇಂದು ನಮ್ಮ ಅನೇಕ ಮನೆಗಳಲ್ಲಿ, ಸಂಸ್ಥೆಗಳ ಭೋಜನಶಾಲೆಗಳಲ್ಲಿ ಇವೇ ಮಾತುಗಳು ಸಮಾಧಾನದ ಮಂತ್ರಗಳಾಗಿವೆ. ತಿಳಿಯದೆ ಮಾಡಿದ ತಪ್ಪನ್ನು ತಿದ್ದುವುದು ಸುಲಭ. ವಿಜ್ಞಾನದ ಹೆಸರು ಹೇಳಿ ಸಮರ್ಥಿಸಿಕೊಂಡ ತಪ್ಪನ್ನು ತಿದ್ದುವುದು ಕಷ್ಟ. ಆದ್ದರಿಂದ ಶಾಸ್ತ್ರವಾಕ್ಯವನ್ನು ಮುಂದಿಟ್ಟು ಬಾಯಿ ಮುಚ್ಚಿಸುವ ಬದಲು, ಅವರು ಕರೆದ ಸಾಕ್ಷಿಯನ್ನೇ ಮೊದಲು ವಿಚಾರಿಸೋಣ.

ಮೊದಲನೆಯದು ಪುಷ್ಟಿಯ ಮಾತು. ನಮ್ಮ ದೇಶದ ಆಹಾರ ನಿಯಮಗಳಂತೆ ‘ಟೇಬಲ್ ಬಟರ್’ ಎಂದು ಮಾರುವ ಪದಾರ್ಥದಲ್ಲಿ ಹಾಲಿನ ಕೊಬ್ಬು ಶೇ. 80ಕ್ಕಿಂತ ಕಡಿಮೆ ಇರಕೂಡದು, ನೀರು ಶೇ. 16ನ್ನು ಮೀರಕೂಡದು, ಉಪ್ಪು ಶೇ. 3ರವರೆಗೆ ಇರಬಹುದು. ಇವಿಷ್ಟನ್ನು ಕಳೆದರೆ ಉಳಿಯುವುದು ಅತ್ಯಲ್ಪ. 100 ಗ್ರಾಂ ಉಪ್ಪುಬೆಣ್ಣೆಯಲ್ಲಿ ಸುಮಾರು 717 ಕಿಲೋ ಕ್ಯಾಲರಿ ಶಕ್ತಿ, 81 ಗ್ರಾಂ ಕೊಬ್ಬು, 215 ಮಿಲಿಗ್ರಾಂ ಕೊಲೆಸ್ಟರಾಲ್ ಇರುತ್ತವೆ. ಸಸಾರಜನಕ ಒಂದು ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ಸುಮಾರು 24 ಮಿಲಿಗ್ರಾಂ ಮಾತ್ರ. ಅಷ್ಟು ಕ್ಯಾಲ್ಸಿಯಂ ನಾಲ್ಕು ಸಣ್ಣ ಚಮಚೆ ಹಾಲಿನಲ್ಲಿಯೇ ದೊರೆಯುತ್ತದೆ. ಎಲುಬು, ಸ್ನಾಯುಗಳನ್ನು ಬೆಳೆಸುವ ಅಂಶಗಳು ಎಲ್ಲಿ ಹೋದವು? ಕಡೆಯುವಾಗ ಅವು ಬಹುಪಾಲು ಮಜ್ಜಿಗೆಯಲ್ಲೇ ಉಳಿದವು. ನಮ್ಮ ಅಜ್ಜಿಯಂದಿರು ಮಕ್ಕಳಿಗೆ ಧಾರಾಳವಾಗಿ ಕುಡಿಸುತ್ತಿದ್ದ ಮಜ್ಜಿಗೆಯನ್ನು ಬಿಟ್ಟು, ಅದರಿಂದ ಬೇರ್ಪಟ್ಟ ಕೊಬ್ಬಿಗೆ ‘ಪುಷ್ಟಿ’ ಎಂಬ ಬಿರುದನ್ನು ಕೊಟ್ಟಿದ್ದೇವೆ.

ಆ ಕೊಬ್ಬಿನ ಬಗೆಯನ್ನೂ ನೋಡಬೇಕು. 81 ಗ್ರಾಂನಲ್ಲಿ ಸುಮಾರು 51 ಗ್ರಾಂ, ಪೊಟ್ಟಣದ ಮೇಲೆ ‘ಸ್ಯಾಚುರೇಟೆಡ್’ ಎಂದು ಅಚ್ಚಾಗಿರುವ ಪರ್ಯಾಪ್ತ ಕೊಬ್ಬು. ದಿನದ ಒಟ್ಟು ಶಕ್ತಿಯಲ್ಲಿ ಇದರ ಪಾಲು ಶೇ. 10ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹಿರಿಯರಿಗೂ ಮಕ್ಕಳಿಗೂ ಸಲಹೆ ಮಾಡಿದೆ. ದಿನಕ್ಕೆ 2000 ಕ್ಯಾಲರಿ ಬೇಕಾದ ವಯಸ್ಕನಿಗೆ ಈ ಮಿತಿ ಸುಮಾರು 22 ಗ್ರಾಂ. ಚಿಕ್ಕ ಮಗುವಿಗೆ ಇನ್ನೂ ಕಡಿಮೆ. ಎರಡು ಚಪಾತಿಗೆ ಹಾಕಿದ 20 ಗ್ರಾಂ ಬೆಣ್ಣೆಯೇ ಇದರಲ್ಲಿ 10 ಗ್ರಾಂನಷ್ಟನ್ನು ತುಂಬಿಬಿಡುತ್ತದೆ. ಉಪ್ಪಿನ ಲೆಕ್ಕವೂ ಹೀಗೆಯೇ. ಉಪ್ಪಿಲ್ಲದ ಬೆಣ್ಣೆಯ 100 ಗ್ರಾಂನಲ್ಲಿ ಸೋಡಿಯಂ ಸುಮಾರು 11 ಮಿಲಿಗ್ರಾಂ ಇದ್ದರೆ, ಉಪ್ಪು ಬೆರೆಸಿದ್ದರಲ್ಲಿ 640 ಮಿಲಿಗ್ರಾಂ ಅಥವಾ ಅದಕ್ಕೂ ಮಿಗಿಲು. 20 ಗ್ರಾಂ ಬೆಣ್ಣೆಯಿಂದ ಬರುವ ಸುಮಾರು 130 ಮಿಲಿಗ್ರಾಂ ಸೋಡಿಯಂ ದೊಡ್ಡ ಅಪಾಯವೆಂದು ನಾನು ಹೇಳಲಾರೆ. ಆದರೆ ಪಲ್ಯ, ಸಾರು, ಹಪ್ಪಳಗಳ ಉಪ್ಪಿನ ಮೇಲೆ ಇದು ಅನಗತ್ಯವಾಗಿ ಸೇರುವ ಉಪ್ಪು ಎಂಬುದು ನಿರ್ವಿವಾದ.

ನ್ಯಾಯವಾಗಿ ಒಂದು ಗುಣವನ್ನು ಒಪ್ಪಬೇಕು. ಬೆಣ್ಣೆಯಲ್ಲಿ ‘ಎ’ ಜೀವಸತ್ವವುಂಟು, 100 ಗ್ರಾಂಗೆ ಸುಮಾರು 680 ಮೈಕ್ರೋಗ್ರಾಂ. ಆದರೆ ಇದು ಕೊಬ್ಬಿನಲ್ಲಿ ಕರಗುವ ಜೀವಸತ್ವವಾದ್ದರಿಂದ ತುಪ್ಪದಲ್ಲಿಯೂ ಇರುತ್ತದೆ. ಮಾವು, ಪರಂಗಿ, ನುಗ್ಗೆಸೊಪ್ಪುಗಳಲ್ಲಿರುವ ವರ್ಣದ್ರವ್ಯದಿಂದಲೂ ನಮ್ಮ ದೇಹ ಇದನ್ನು ಸಿದ್ಧಪಡಿಸಿಕೊಳ್ಳುತ್ತದೆ. ಇದೊಂದಕ್ಕಾಗಿ ಉಪ್ಪುಬೆಣ್ಣೆಯನ್ನೇ ಆಶ್ರಯಿಸಬೇಕಾದ ಮಗು ನಮ್ಮ ಸಮಾಜದಲ್ಲಿ ಯಾವುದೂ ಇಲ್ಲ.

ಎರಡನೆಯದು ಉಪ್ಪಿನ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಅದನ್ನು ಮುಚ್ಚಿಡುವುದು ಸತ್ಯವ್ರತಕ್ಕೆ ಭಂಗ. ಬೆಣ್ಣೆಯ ಉಪ್ಪು ಕೊಬ್ಬಿನಲ್ಲಿ ಕರಗದು; ಅದರೊಳಗೆ ಸಣ್ಣ ಸಣ್ಣ ಹನಿಗಳಾಗಿ ಅಡಗಿರುವ ನೀರಿನಲ್ಲಿ ಕರಗಿರುತ್ತದೆ. 16 ಗ್ರಾಂ ನೀರಿನಲ್ಲಿ 1.6 ಗ್ರಾಂ ಉಪ್ಪು ಎಂದರೆ, ನೀರಿನ ತೂಕದ ಹತ್ತನೆಯ ಒಂದು ಪಾಲು ಉಪ್ಪಾಯಿತು. ಅಂಥ ಉಪ್ಪುನೀರಿನಲ್ಲಿ ಅನೇಕ ಸೂಕ್ಷ್ಮಾಣುಗಳು ಬೆಳೆಯಲಾರವು. ಬೆಣ್ಣೆ ಬಹುಕಾಲ ಕೆಡದಿರಲು ಇದೂ ಒಂದು ಕಾರಣ. ಆದರೆ ಬೆಳೆಯಗೊಡದಿರುವುದು ಬೇರೆ, ಜೀವರಹಿತವಾಗಿರುವುದು ಬೇರೆ. ಉಪ್ಪನ್ನು ಸಹಿಸಿಕೊಂಡು ಬದುಕುವ ಸೂಕ್ಷ್ಮಜೀವಿಗಳೂ ಉಂಟು. ‘ಉಪ್ಪಿದೆ, ಆದ್ದರಿಂದ ಜೀವವಿಲ್ಲ’ ಎಂಬ ಮಾತಿಗೆ ವಿಜ್ಞಾನ ಸಹಿ ಹಾಕುವುದಿಲ್ಲ.

ನಮ್ಮ ಪರಂಪರೆಯಂತೂ ಸುತರಾಂ ಹಾಕುವುದಿಲ್ಲ. ಉಪ್ಪೇ ದೋಷವನ್ನು ತೊಳೆಯುವುದಾದರೆ ಉಪ್ಪಿನಲ್ಲೇ ಮುಳುಗಿರುವ ಉಪ್ಪಿನಕಾಯಿ, ಅಂದರೆ ಸಂಧಾನ, ಇಪ್ಪತ್ತೆರಡು ಅಭಕ್ಷ್ಯಗಳ ಪಟ್ಟಿಯಲ್ಲಿ ಏಕೆ ಸೇರಿತು? ನಮ್ಮ ಹಿರಿಯರಿಗೆ ಉಪ್ಪಿನ ಶಕ್ತಿ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವರು ಲೆಕ್ಕ ಹಾಕಿದ್ದು ಕಾಲಮರ್ಯಾದೆಯನ್ನು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ, ಎರಡು ಮುಹೂರ್ತಗಳು ಕಳೆದ ಬಳಿಕ ಬೆಣ್ಣೆಯಲ್ಲಿ ಜೀವರಾಶಿ ಉಂಟಾಗುತ್ತದೆಂದು ಹೇಳಿ, ಜೇನಿನಂತೆಯೇ ಅದನ್ನೂ ಬಿಡಬೇಕೆಂದಿದ್ದಾರೆ. ಎರಡು ಮುಹೂರ್ತವೆಂದರೆ 96 ನಿಮಿಷ. ಅಂತರ್ಮುಹೂರ್ತದ ಮಿತಿಯನ್ನೇ ವಿಧಿಸುವವರೂ ಇದ್ದಾರೆ. ಪೊಟ್ಟಣದ ಬೆಣ್ಣೆಯ ಆಯುಷ್ಯವೋ ತಿಂಗಳುಗಟ್ಟಲೆಯದು. ಅಲ್ಲಿ ಉಪ್ಪು ಮಾಡುತ್ತಿರುವುದು ಮರ್ಯಾದೆಯ ಪಾಲನೆಯಲ್ಲ. ಮರ್ಯಾದೆ ಮೀರಿದ್ದನ್ನು ನಾಲಗೆಗೆ ತಿಳಿಯದಂತೆ ಕಾಪಾಡುವ ಕೆಲಸ.

ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಮಧು, ಮದ್ಯ, ಮಾಂಸಗಳ ಸಾಲಿನಲ್ಲಿಯೇ ನವನೀತವನ್ನೂ ಮಹಾವಿಕೃತಿಯೆಂದು ಎಣಿಸಿದ್ದಾರೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಹಸಿಶುಂಠಿ, ಮೂಲಂಗಿ, ಬೇವಿನ ಹೂಗಳೊಡನೆ ಬೆಣ್ಣೆಯನ್ನು ಸೇರಿಸಿ, ಫಲ ಸ್ವಲ್ಪ, ಘಾತ ಬಹಳ ಎಂಬ ಕಾರಣ ಕೊಟ್ಟು ಬಿಡಹೇಳುತ್ತದೆ. ಈ ಅಳತೆಗೋಲನ್ನು ನಾವು ಗಮನವಿಟ್ಟು ನೋಡಬೇಕು. ಆಚಾರ್ಯರು ಘಾತವೊಂದನ್ನೇ ತೂಗಲಿಲ್ಲ. ಎದುರು ತಟ್ಟೆಯಲ್ಲಿ ಫಲವನ್ನೂ ಇಟ್ಟು ತೂಗಿದರು. ಉಪ್ಪಿನ ವಾದ ಮಾಡುವವರು ಘಾತದ ತಟ್ಟೆಯಿಂದ ಒಂದಿಷ್ಟು ಭಾರ ಇಳಿಸಿದೆವೆಂದುಕೊಂಡರೂ, ಫಲದ ತಟ್ಟೆಯಲ್ಲಿ ಏನಿದೆ? ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳೇ ಉತ್ತರ ಹೇಳುತ್ತವೆ: ಕೊಬ್ಬು, ನೀರು, ಉಪ್ಪು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. “ತುಪ್ಪ ಮಾತ್ರ ಕೊಬ್ಬಲ್ಲವೇ?” ನಿಜ, ತುಪ್ಪ ಬಹುತೇಕ ಪೂರ್ಣವಾಗಿ ಕೊಬ್ಬೇ, ಪರ್ಯಾಪ್ತ ಕೊಬ್ಬು ಅದರಲ್ಲಿ ಬೆಣ್ಣೆಗಿಂತ ಹೆಚ್ಚು. ಆದುದರಿಂದ ತುಪ್ಪವೂ ಮಿತವಾಗಿಯೇ ಇರಬೇಕು. ಆದರೆ ಕಾಯಿಸಿದಾಗ ನೀರು ಆರಿಹೋಗುತ್ತದೆ. ಸೂಕ್ಷ್ಮಜೀವಿಗಳು ಬೆಳೆಯಲು ಆಸರೆಯಾಗಿದ್ದ ನೀರೇ ಇಲ್ಲವಾಗುತ್ತದೆ. ಬೆಣ್ಣೆ ತೇಲಿದೊಡನೆ ತೆಗೆದು ತೊಳೆದು ಒಲೆಯ ಮೇಲಿಡುತ್ತಿದ್ದ ಮನೆಗಳ ಪದ್ಧತಿಯ ಹಿಂದಿನ ವಿವೇಕ ಇದೇ. ದಿನಗಟ್ಟಲೆ ಫ್ರಿಜ್ಜಿನಲ್ಲಿ ಬೆಣ್ಣೆ ಕೂಡಿಹಾಕಿ ತಿಂಗಳಿಗೊಮ್ಮೆ ಕಾಯಿಸುವ ನಮ್ಮ ಇಂದಿನ ರೂಢಿಗೂ ಇದೇ ಮಾತು ಅನ್ವಯಿಸುತ್ತದೆ. ಇನ್ನು, ಕರುವಿನ ಪಾಲಿನ ಹಾಲನ್ನೇ ನಾವು ಕುಡಿಯಬಹುದೇ ಎಂದು ಕೇಳುವ ತರುಣರು ನಮ್ಮಲ್ಲಿದ್ದಾರೆ. ಅದು ಬೇರೆಯೇ ದೀರ್ಘ ಚರ್ಚೆ. ಆದರೆ ಅವರ ಪ್ರಶ್ನೆಯಲ್ಲಿರುವ ಪ್ರಾಮಾಣಿಕತೆ ಉಪ್ಪಿನ ನೆಪ ಹೇಳುವ ನಮ್ಮಲ್ಲಿಲ್ಲ.

ಗೃಹಸ್ಥನು ತನ್ನ ಮನೆಯಲ್ಲಿ ಏನು ತಿನ್ನುವನೆಂಬುದು ಅವನ ವ್ರತಕ್ಕೂ ಅವನ ಶಕ್ತಿಗೂ ಬಿಟ್ಟ ವಿಷಯ. ಬಸದಿಯ ಟ್ರಸ್ಟಿನ ಮಾತು ಹಾಗಲ್ಲ. ಶ್ರಾವಕರು ದಾನವಾಗಿ ಕೊಟ್ಟ ಹಣದಿಂದ, ಬಸದಿಯ ಆವರಣದೊಳಗೆ ಬಡಿಸಿದ ತುತ್ತನ್ನು ಮಗುವು ‘ಇದು ನಮ್ಮ ಧರ್ಮಕ್ಕೆ ಒಪ್ಪಿತ’ ಎಂದೇ ಗ್ರಹಿಸುತ್ತದೆ. ಹತ್ತು ಗಂಟೆಯ ಪಾಠವನ್ನು ಒಂದು ತಟ್ಟೆ ಅಳಿಸಿಹಾಕಬಲ್ಲದು. ಆದುದರಿಂದ ಭೋಜನಶಾಲೆಯ ಖರೀದಿ ಪಟ್ಟಿಯಿಂದ ಉಪ್ಪುಬೆಣ್ಣೆಯನ್ನು ಇಂದೇ ತೆಗೆದುಹಾಕಬೇಕು. ಚಪಾತಿಗೆ ಒಂದು ಚಮಚೆ ತುಪ್ಪ, ಮರ್ಯಾದೆಯೊಳಗಿನ ಒಂದು ಲೋಟ ಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ ಸಾಕು. ಇವುಗಳಲ್ಲಿ ನಿಜವಾದ ಪುಷ್ಟಿಯಿದೆ, ಖರ್ಚೂ ಹೆಚ್ಚಲ್ಲ. ಹೊರಗಿನಿಂದ ತರುವ ಬಿಸ್ಕತ್ತು, ಬೇಕರಿ ತಿನಿಸುಗಳ ಪೊಟ್ಟಣಗಳ ಹಿಂಬದಿಯನ್ನು ಓದುವ ಹೊಣೆಯನ್ನು ಕಾರ್ಯಕಾರಿ ಸಮಿತಿಯ ಒಬ್ಬರು ವಹಿಸಿಕೊಳ್ಳಲಿ.

ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನಾದರೂ ಆಗಾಗ ತ್ಯಜಿಸುವುದನ್ನು ತಪಸ್ಸೆಂದು ಕರೆದ ಪರಂಪರೆ ನಮ್ಮದು. ಪರ್ವದಿನಗಳಲ್ಲಿ ಉಪ್ಪನ್ನು ಬಿಟ್ಟು ಉಣ್ಣುವ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರಿಗೆ ಉಪ್ಪು ತ್ಯಾಗದ ಸಾಧನವಾಯಿತು. ಅದೇ ಉಪ್ಪನ್ನು ನಾವು ತ್ಯಾಗದಿಂದ ನುಣುಚಿಕೊಳ್ಳುವ ಉಪಾಯವಾಗಿ ಮಾಡಿಕೊಂಡರೆ, ಕೆಟ್ಟದ್ದು ಬೆಣ್ಣೆಯೋ ನಮ್ಮ ವಿವೇಕವೋ ಎಂಬುದನ್ನು ಶ್ರಾವಕ ಶ್ರಾವಿಕೆಯರೇ ನಿರ್ಧರಿಸಲಿ.