ಗಾಜಿನ ತೊಟ್ಟಿಗೂ ತುಂಗೆಗೂ ಇರುವ ನಂಟು

ಪಟ್ಟಣದ ಮನೆಯೊಂದರ ಪಡಸಾಲೆಯಲ್ಲಿರುವ ಮೀನಿನ ತೊಟ್ಟಿಗೂ ಮಲೆನಾಡಿನ ಹೊಳೆಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜ. ಮೈತುಂಬ ಪಟ್ಟೆಗಳಿರುವ ಬೋಟಿಯಾ ಸ್ಟ್ರಯಾಟಾ ಎಂಬ ಪುಟ್ಟ ಮೀನೇ ಅದಕ್ಕೆ ಉತ್ತರ. 1920ರಲ್ಲಿ ಸಿ.ಆರ್. ನಾರಾಯಣ ರಾವ್ ಅವರು ಈ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ತೀರ್ಥಹಳ್ಳಿಯ ತುಂಗಾ ನದಿಯಲ್ಲಿ ದೊರೆತ ಮಾದರಿಗಳ ಆಧಾರದ ಮೇಲೆ. ಪಶ್ಚಿಮ ಘಟ್ಟದ ಹೊಳೆಗಳಿಗೇ ಸೀಮಿತವಾದ ಇದು ಇಂದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. 2005ರಿಂದ 2012ರ ನಡುವೆ, ಆತಂಕದಲ್ಲಿರುವ 30 ಪ್ರಭೇದಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಭಾರತದಿಂದ ಅಲಂಕಾರಕ್ಕಾಗಿ ರಫ್ತಾದವೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಅವುಗಳಲ್ಲಿ ದೊಡ್ಡ ಪಾಲು ಪಡೆದ ಕೆಲವೇ ಮೀನುಗಳಲ್ಲಿ ತುಂಗೆಯ ಈ ಮೀನೂ ಒಂದು.

ಈ ವ್ಯಾಪಾರವನ್ನು ಕಾನೂನಿನಿಂದ ತಡೆಯಬೇಕೆಂಬುದು ನ್ಯಾಯವಾದ ಬೇಡಿಕೆ. ಆದರೆ ಬೇಡಿಕೆಯ ಒಂದು ಮೂಲ ತೊಟ್ಟಿಯೊಳಗೇ ಇದೆ. ಹೊಸ ತೊಟ್ಟಿಗೆ ಬಿಟ್ಟ ಮೀನು ಎರಡು ವಾರಗಳಲ್ಲಿ ಸಾಯುತ್ತದೆ, ಮಾಲೀಕ ಇನ್ನೊಂದನ್ನು ತರುತ್ತಾನೆ, ಅದೂ ಸಾಯುತ್ತದೆ. ಹೊಳೆಯಿಂದ ಹಿಡಿದು ತಂದ ಮೀನಾಗಿದ್ದರೆ, ಪ್ರತಿಯೊಂದು ಸಾವಿನ ಬೆನ್ನಿಗೂ ಹೊಳೆಯಲ್ಲಿ ಮತ್ತೊಂದು ಬಲೆ ಬೀಳುತ್ತದೆ. ಆದುದರಿಂದ ಮೀನನ್ನು ಬದುಕಿಸುವ ವಿದ್ಯೆಯೂ ಹೊಳೆಯ ರಕ್ಷಣೆಯ ಒಂದು ಭಾಗವೇ.

ಮೀನು ಸಾಯುವುದು ಕಣ್ಣಿಗೆ ಕಾಣುವ ಕೊಳೆಯಿಂದಲ್ಲ. ಕಿವಿರುಗಳ ಮೂಲಕ ಅದೇ ಹೊರಬಿಡುವ ಅಮೋನಿಯಾ ನಿಂತ ನೀರಿನಲ್ಲಿ ಶೇಖರವಾಗಿ, ಸ್ಫಟಿಕದಂತೆ ತಿಳಿಯಾದ ನೀರೂ ವಿಷವಾಗಿರಬಹುದು. ಹೊಳೆಯಲ್ಲಿ ಕಲ್ಲಿನ ಮೇಲಿನ ಲೋಳೆಯೊಳಗೆ ವಾಸಿಸುವ ಸೂಕ್ಷ್ಮಾಣುಗಳು ಈ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅಡಿಕೆ ತೋಟದ ಮಣ್ಣಿನಲ್ಲಿ ಸಗಣಿ ಗೊಬ್ಬರವನ್ನು ಬೇರಿಗೆ ಒಗ್ಗುವ ಆಹಾರವನ್ನಾಗಿಸುವುದೂ ಇದೇ ಕ್ರಿಯೆ. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಈ ಸೂಕ್ಷ್ಮಾಣುಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ್ದರು. ಅವುಗಳಿಗೆ ಬೇಕಾದುದು ಮೂರೇ: ಅಂಟಿಕೊಳ್ಳಲು ನೆಲೆ, ಉಸಿರಾಡಲು ಆಮ್ಲಜನಕ, ಹರಿಯುವ ನೀರು.

ಈ ಮೂರನ್ನೂ ಮನೆಯಲ್ಲಿಯೇ ಒದಗಿಸಬಹುದು. ಅಂಗೈಯಗಲದ, ದೊಡ್ಡ ರಂಧ್ರಗಳಿರುವ ಸ್ಪಂಜಿನ ತುಂಡೊಂದು ಸಾಕು. ಅದಕ್ಕೆ ಸೋಪು, ಔಷಧ, ಬಣ್ಣ ಯಾವುದೂ ಸೋಕಿರಬಾರದು. ಅದರ ನಡುವೆ ಬುಡದವರೆಗೆ ತೂತು ಕೊರೆದು, ಕೆಳಭಾಗದಲ್ಲಿ ಸಣ್ಣ ರಂಧ್ರಗಳನ್ನು ಮಾಡಿದ ಅರ್ಧ ಅಂಗುಲದ ಪಿವಿಸಿ ಕೊಳವೆಯನ್ನು ಸೇರಿಸಬೇಕು. ಗಾಳಿಯ ಪಂಪಿನಿಂದ ಬರುವ ತೆಳುವಾದ ನಳಿಗೆಯನ್ನು ಆ ಕೊಳವೆಯೊಳಗೆ ತಳದ ಸಮೀಪದವರೆಗೆ ಇಳಿಸಬೇಕು. ಸ್ಪಂಜು ತೇಲದಂತೆ ಬುಡಕ್ಕೊಂದು ಕಲ್ಲು ಕಟ್ಟಿದರೆ ಕೆಲಸ ಮುಗಿಯಿತು. ಗುಳ್ಳೆಗಳು ಬೆರೆತ ನೀರು ಹಗುರವಾಗಿ ಕೊಳವೆಯಲ್ಲಿ ಮೇಲೇರುತ್ತದೆ. ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಂಜಿನ ಮೂಲಕ ಒಳಬರುತ್ತದೆ. ತಿರುಗುವ ಯಂತ್ರಭಾಗ ನೀರಿನೊಳಗೆ ಇಲ್ಲವಾದ್ದರಿಂದ ಮರಿಮೀನೂ ಸುರಕ್ಷಿತ. ಮಳೆಗಾಲದಲ್ಲಿ ಕರೆಂಟು ಹೋಗುವುದು ಮಲೆನಾಡಿಗೆ ಹೊಸದಲ್ಲ. ಪಂಪು ನಿಂತಾಗ ತೊಟ್ಟಿಯ ನೀರು ನಳಿಗೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪಿಗೆ ನುಗ್ಗಬಾರದು. ಆದುದರಿಂದ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡುವುದು ಕಡ್ಡಾಯ.

ಕಟ್ಟುವುದು ಅರ್ಧ ಗಂಟೆಯ ಕೆಲಸ, ಕಾಯುವುದು ತಿಂಗಳ ಕೆಲಸ. ಸ್ಪಂಜಿನಲ್ಲಿ ಸೂಕ್ಷ್ಮಾಣುಗಳು ನೆಲೆಯೂರಲು ನಾಲ್ಕರಿಂದ ಆರು ವಾರಗಳು ಬೇಕು. ಅಲ್ಲಿಯವರೆಗೆ ಮೀನು ಬಿಡದೆ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಮಾತ್ರ ನೀರಿಗೆ ಹಾಕಿ ಕೊಳೆಯಿಸುವುದು ವಿವೇಕ. ಮುಂದೆ ಸ್ಪಂಜನ್ನು ತೊಳೆಯುವಾಗಲೂ ನಲ್ಲಿಯ ಕ್ಲೋರಿನ್ ನೀರಲ್ಲಿ ತೊಳೆದರೆ ಬೆಳೆಸಿದ ಸಂಸಾರವೆಲ್ಲ ನಾಶವಾಗುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಗುರವಾಗಿ ಹಿಂಡಬೇಕು. ನೈಟ್ರೇಟ್ ಅನ್ನು ಸ್ಪಂಜು ತೆಗೆಯಲಾರದು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದೇ ಅದಕ್ಕೆ ದಾರಿ. ಮಲೆನಾಡಿನ ಬಾವಿಯ ನೀರು ಮೃದುವಾದುದರಿಂದ ಈ ಕ್ರಿಯೆ ನಡೆದಂತೆಲ್ಲ ಹುಳಿಯಾಗುತ್ತದೆ, ಆಗ ಸೂಕ್ಷ್ಮಾಣುಗಳು ಮಂಕಾಗುತ್ತವೆ. ಹುಳಿಮಣ್ಣಿಗೆ ರೈತ ಸುಣ್ಣ ಹಾಕುವಂತೆ, ತೊಟ್ಟಿಗೆ ನಾಲ್ಕು ಕಪ್ಪೆಚಿಪ್ಪಿನ ಚೂರು ಹಾಕಿದರೆ ಸಾಕು.

ಮೀನು ಸಾಕುವ ಹವ್ಯಾಸವನ್ನೇ ಬಿಡಿಸಬೇಕಲ್ಲದೆ ಅದಕ್ಕೆ ಅನುಕೂಲ ಹೇಳಿಕೊಡಬಾರದೆಂಬ ವಾದವೂ ಇದೆ. ಆ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಶೋಧಕವೊಂದೇ ಹೊಳೆಯನ್ನು ಉಳಿಸದು; ಅದರ ಜೊತೆ ಎರಡು ನೇಮಗಳಿರಬೇಕು. ಮೊದಲನೆಯದು, ತೊಟ್ಟಿಯಲ್ಲಿ ಮರಿಮಾಡಿಸಿ ಬೆಳೆಸಿದ ಮೀನನ್ನು ಮಾತ್ರ ಕೊಳ್ಳುವುದು. ಎಲ್ಲಿಂದ ಬಂತೆಂದು ಅಂಗಡಿಯವನು ಹೇಳಲಾರದಿದ್ದರೆ ಬಿಟ್ಟುಬರುವುದು. ಎರಡನೆಯದು, ಬೇಡವಾದ ಮೀನನ್ನು ದಯೆಯ ಹೆಸರಿನಲ್ಲಿ ಹೊಳೆಗೆ ಬಿಡದಿರುವುದು. ತೊಟ್ಟಿಯ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ಕೇರಳದ ಜಲಮೂಲಗಳಲ್ಲಿ ಬೇರೂರಿರುವುದು ಇಂತಹ ದಯೆಯ ಫಲವೇ. ತೊಟ್ಟಿಯಿಂದ ತೆಗೆದ ನೀರೂ ಹೊಳೆಗಲ್ಲ, ಹಿತ್ತಲಿನ ಗಿಡಕ್ಕೆ ಸಲ್ಲಬೇಕು.

ಒಂದು ಚೂರು ಸ್ಪಂಜು ನೀರನ್ನು ಶುದ್ಧವಾಗಿಡಲು ತಿಂಗಳುಗಟ್ಟಲೆ ಕಾಯಬೇಕೆಂದು ಅರಿತ ಮಗು, ಹೊಳೆಯ ದಡದಲ್ಲಿ ಜೆಸಿಬಿ ಮರಳೆತ್ತುವಾಗ ಕಳೆದುಹೋಗುವುದು ಮರಳಷ್ಟೇ ಅಲ್ಲವೆಂಬುದನ್ನು ಯಾರೂ ಹೇಳದೆಯೇ ತಿಳಿಯುತ್ತದೆ. ಶಾಲೆಗೊಂದು ತೊಟ್ಟಿ ಇರಬೇಕಾದುದು ಅಲಂಕಾರಕ್ಕಲ್ಲ, ಈ ತಿಳಿವಳಿಕೆಗಾಗಿ.