ನೂರಿಪ್ಪತ್ತಕ್ಕೆ ನೂರಿಪ್ಪತ್ತೂ ಇಂಗ್ಲಿಷೇ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲಾಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಲು ಬಿಡಿ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಉಪದೇಶಕರು ಎದ್ದು ನಿಲ್ಲುತ್ತಾರೆ. ಗಲಾಟೆ ಯಾಕೆ, ದಿನಕ್ಕೆ ಹತ್ತು ಪದ ಕಲಿಯಲಿ, ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದಲಿ, ವರ್ಷ ತುಂಬುವುದರೊಳಗೆ ಮೂರೂವರೆ ಸಾವಿರ ಪದ ಆಯಿತಲ್ಲ! ಎಷ್ಟು ಸುಲಭ ನೋಡಿ. ಸುರಪುರದ ಕಡೆಯ ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ ಆರ್ಟ್ಸ್ ಓದುವ ಹುಡುಗಿಗೆ ಇದು ಹೊಳೆದೇ ಇರಲಿಲ್ಲ, ಪುಣ್ಯಾತ್ಮರು ಹೇಳಿಕೊಟ್ಟರು.

ಈ ಉಪದೇಶಕ್ಕೊಂದು ಧರ್ಮಗ್ರಂಥವೂ ಇದೆ: ನಾರ್ಮನ್ ಲೂಯಿಸ್ 1949ರಲ್ಲಿ ಬರೆದ ‘ವರ್ಡ್ ಪವರ್ ಮೇಡ್ ಈಸಿ’. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಅದರ ಕಳ್ಳಪ್ರತಿಗೆ ಇರುವ ಗಿರಾಕಿ ಬೇರೆ ಪುಸ್ತಕಕ್ಕಿಲ್ಲ. ಪುಸ್ತಕದ ಮೇಲೆ ನನಗೆ ಸಿಟ್ಟಿಲ್ಲ. ಇಂಗ್ಲಿಷನ್ನೇ ಆಡಿ ಬೆಳೆದ ಅಮೆರಿಕದ ದೊಡ್ಡವರು ಇನ್ನಷ್ಟು ಪದ ಕಲಿಯಲೆಂದು ಬರೆದ ಪುಸ್ತಕ ಅದು, ಅವರಿಗೆ ಉಪಯೋಗವಾಗಿದ್ದರೆ ಸಂತೋಷ. ಹತ್ತನೇ ಇಯತ್ತೆಯವರೆಗೆ ಇಂಗ್ಲಿಷನ್ನು ಗೈಡ್ ಬಾಯಿಪಾಠ ಮಾಡಿ ದಾಟಿದ ಮಗುವಿನ ಕೈಗೆ ಅದನ್ನು ಕೊಟ್ಟು ‘ಇನ್ನು ನಿನ್ನ ಪಾಡು’ ಎನ್ನುವವರ ಮೇಲೆ ಸಿಟ್ಟು.

ಈಗ ಅಂಕಿಗೆ ಬರೋಣ. ಕ್ಲಾಟ್‌ನಲ್ಲಿ 120 ಪ್ರಶ್ನೆ, 120 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪರೀಕ್ಷೆ ನಡೆಸುವ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಪ್ರಕಾರ ಇಂಗ್ಲಿಷ್ ಭಾಷೆಯ ಪಾಲು ಶೇ 20ರಷ್ಟು, 22ರಿಂದ 26 ಪ್ರಶ್ನೆ. ಉಪದೇಶಕರು ಹಿಡಿದಾಡುವುದೂ ಈ ಶೇ 20ನ್ನೇ: ‘ಇಂಗ್ಲಿಷ್‌ನಲ್ಲಿ ಸ್ವಲ್ಪ ಹಿಂದೆ ಬಿದ್ದರೂ ಉಳಿದ ಎಂಬತ್ತರಲ್ಲಿ ಹೊಡೆಯಬಹುದಲ್ಲ?’

ಸುಳ್ಳು. 2020ರಲ್ಲಿ ಮಾದರಿ ಬದಲಾದ ಮೇಲೆ ಕ್ಲಾಟ್‌ನ ಐದೂ ವಿಭಾಗಗಳು ಇಂಗ್ಲಿಷ್ ಪರೀಕ್ಷೆಗಳೇ. ಪ್ರಚಲಿತ ವಿದ್ಯಮಾನ ಇರಲಿ, ತರ್ಕ ಇರಲಿ, ಕಾನೂನಿನ ವಿಭಾಗವೇ ಇರಲಿ, ಮೊದಲು 450 ಪದಗಳವರೆಗಿನ ಒಂದು ಇಂಗ್ಲಿಷ್ ಪ್ಯಾಸೇಜು, ಅದರ ಬೆನ್ನಿಗೆ ಪ್ರಶ್ನೆಗಳು. ಗಣಿತ ಕೂಡ ಪ್ಯಾಸೇಜಿನೊಳಗೇ ಅಡಗಿ ಕೂತಿರುತ್ತದೆ. ಶೇಕಡಾವಾರು ಲೆಕ್ಕ ಮಾಡಲು ಮೊದಲು ನಾಲ್ಕು ವಾಕ್ಯ ಬಿಡಿಸಬೇಕು. ಪ್ರಶ್ನೆ, ಆಯ್ಕೆಗಳನ್ನು ಸೇರಿಸಿದರೆ ಎರಡು ಗಂಟೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಇಂಗ್ಲಿಷ್ ಪದಗಳನ್ನು ಓದಿ ಅರಗಿಸಿಕೊಳ್ಳಬೇಕು. ಕಾನೂನಿನ ವಿಭಾಗದಲ್ಲಿ ಮೊದಲೇ ಕಾನೂನು ಗೊತ್ತಿರಬೇಕಾಗಿಲ್ಲ, ತತ್ವವನ್ನು ಪ್ಯಾಸೇಜಿನಲ್ಲೇ ಕೊಟ್ಟಿರುತ್ತಾರೆ. ಸರಿ, ಹಾಗಾದರೆ ಅಲ್ಲಿ ಅಳೆಯುತ್ತಿರುವುದು ಏನನ್ನು? ಇಂಗ್ಲಿಷನ್ನು ಎಷ್ಟು ವೇಗವಾಗಿ ಓದುತ್ತೀ ಎಂಬುದನ್ನು. ಶೇ 20 ಅಲ್ಲ ಸ್ವಾಮಿ, ನೂರಕ್ಕೆ ನೂರು.

ತಮಾಷೆಯೆಂದರೆ, ಬಾಯಿಪಾಠ ತಪ್ಪಿಸಲೆಂದೇ ಈ ಮಾದರಿ ತಂದದ್ದು ಎಂದು ಬೆನ್ನು ತಟ್ಟಿಕೊಂಡರು. ಬಾಯಿಪಾಠಕ್ಕಾದರೂ ಬಡವರ ಮಕ್ಕಳು ರಾತ್ರಿ ಕೂತು ಪಟ್ಟಿ ಉರುಹೊಡೆಯಬಹುದಿತ್ತು. ಓದುವ ವೇಗವನ್ನು ಉರುಹೊಡೆಯಲು ಬರುವುದಿಲ್ಲ. ಅದು ಮನೆಯಲ್ಲಿ ಐದನೇ ವಯಸ್ಸಿಗೆ ಇಂಗ್ಲಿಷ್ ಕಥೆಪುಸ್ತಕ ಇದ್ದವರಿಗೆ ಬರುವಂಥದ್ದು. ಕೋಚಿಂಗ್‌ನವರು ಮಾತ್ರ ಪದಗಳ ಪಟ್ಟಿ ಮಾರುವುದನ್ನು ಇಂದಿಗೂ ನಿಲ್ಲಿಸಿಲ್ಲ. ಮಾರಾಟಕ್ಕೆ ಬೇರೇನಿದೆ?

ಪದಗಳ ವ್ಯಾಮೋಹ ಹುಟ್ಟಿದ ಅಮೆರಿಕದ ಕಥೆಯನ್ನೂ ಕೇಳಿ. ಅಲ್ಲಿನ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಯಲ್ಲಿ ಒಂದು ಕುಖ್ಯಾತ ಪ್ರಶ್ನೆ ಇತ್ತು: ಓಟಗಾರನಿಗೆ ಮ್ಯಾರಥಾನ್ ಹೇಗೋ, ಹುಟ್ಟು ಹಾಕುವವನಿಗೆ ಯಾವುದು ಹಾಗೆ? ಉತ್ತರ ರೆಗಾಟಾ, ಅಂದರೆ ದೋಣಿ ಪಂದ್ಯಗಳ ಕೂಟ. ಅಪ್ಪನಿಗೆ ದೋಣಿ ಕ್ಲಬ್ಬಿನ ಸದಸ್ಯತ್ವ ಇದ್ದ ಹುಡುಗನಿಗೆ ಒಂದು ಅಂಕ, ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಬಡ ಹುಡುಗನಿಗೆ ಸೊನ್ನೆ. ಬೈಸಿಕೊಂಡು ಬೈಸಿಕೊಂಡು 2005ರಲ್ಲಿ ಆ ಬಗೆಯ ಪ್ರಶ್ನೆಗಳನ್ನು ಕೈಬಿಟ್ಟರು. 2016ರಲ್ಲಿ ಅಪರೂಪದ ಪದ ತುಂಬುವ ಪ್ರಶ್ನೆಗಳನ್ನೂ ತೆಗೆದರು. ಇಂಗ್ಲಿಷ್ ಆಡುವ ದೇಶಕ್ಕೇ ಇಂಗ್ಲಿಷ್ ಪದಗಳ ಜರಡಿ ಅನ್ಯಾಯ ಎನಿಸಿತು. ನಮ್ಮ ಪಂಡಿತರಿಗೆ ಅನಿಸಿಲ್ಲ.

‘ಕಾನೂನನ್ನು ಅನುವಾದಿಸುವುದು ಕಷ್ಟ’ ಎಂಬ ಇನ್ನೊಂದು ರಾಗವಿದೆ. ನೀಟ್ ಪರೀಕ್ಷೆ 2017ರಿಂದಲೇ ಕನ್ನಡದಲ್ಲಿದೆ. ಜೆಇಇ ಮೇನ್ 2021ರಿಂದ 13 ಭಾಷೆಗಳಲ್ಲಿದೆ. ಹೃದಯದ ಕವಾಟ ಅನುವಾದವಾಗುತ್ತದೆ, ವಿದ್ಯುತ್ಕಾಂತೀಯ ಪ್ರೇರಣೆ ಅನುವಾದವಾಗುತ್ತದೆ, ಕರಾರು ಮುರಿದವನು ಪರಿಹಾರ ಕೊಡಬೇಕೇ ಬೇಡವೇ ಎಂಬುದು ಮಾತ್ರ ಕನ್ನಡಕ್ಕೆ ಬಗ್ಗುವುದಿಲ್ಲವಂತೆ! ಸುಪ್ರೀಂ ಕೋರ್ಟಿನ ತೀರ್ಪುಗಳೇ ಕನ್ನಡಕ್ಕೆ ಬರುತ್ತಿವೆ. ಕಾನೂನು ಪದವಿ ಮುಗಿಸಿದವರು ವಕೀಲಿಕೆಗಾಗಿ ಪಾಸು ಮಾಡಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಹೊರಬಾಗಿಲಿನಲ್ಲಿ ನಡೆಯುವ ಕನ್ನಡ ಒಳಬಾಗಿಲಿನಲ್ಲಿ ಮೈಲಿಗೆ. 2023ರಲ್ಲಿ ಇದೇ ಪ್ರಶ್ನೆ ದೆಹಲಿ ಹೈಕೋರ್ಟಿಗೆ ಹೋದಾಗ ಭಾರತೀಯ ವಕೀಲರ ಪರಿಷತ್ತು ದೇಶಭಾಷೆಗಳ ಪರ ನಿಂತಿತು. ಒಕ್ಕೂಟ ಮಾತ್ರ ‘ಸಮಿತಿ ಮಾಡಿದ್ದೇವೆ’ ಎಂದಿತು. ಸಮಿತಿ ಎಂದಮೇಲೆ ಕೇಳುವುದೇನಿದೆ.

ಇಂಗ್ಲಿಷ್ ಬೇಡ ಎಂದು ಯಾರೂ ಹೇಳಿಲ್ಲ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯುತ್ತದೆ, ಗೊತ್ತು. ಆದರೆ ಕೋರ್ಸು ಐದು ವರ್ಷದ್ದು. ಹದಿನೆಂಟು ವರ್ಷದ ಚುರುಕು ಹುಡುಗಿಗೆ ಐದು ವರ್ಷದಲ್ಲಿ ಇಂಗ್ಲಿಷ್ ಕಲಿಸಲಾರದ ವಿಶ್ವವಿದ್ಯಾಲಯಕ್ಕೆ ‘ರಾಷ್ಟ್ರೀಯ’ ಎಂಬ ಬೋರ್ಡು ಯಾಕೆ? ಕಲಿಸುವ ಕೆಲಸವನ್ನು ಪ್ರವೇಶ ಪರೀಕ್ಷೆಗೆ ವಹಿಸಿ, ಕಲಿತು ಬಂದವರನ್ನಷ್ಟೇ ಒಳಗೆ ಬಿಟ್ಟುಕೊಂಡು, ಆಮೇಲೆ ‘ನಮ್ಮ ವಿದ್ಯಾರ್ಥಿಗಳು ಎಷ್ಟು ಜಾಣರು’ ಎಂದು ಬೀಗುವುದು ಸಲೀಸು. ಈ ರಾಜ್ಯದ ಮುನ್ಸಿಫ್ ಕೋರ್ಟಿನಿಂದ ಜಿಲ್ಲಾ ಕೋರ್ಟಿನವರೆಗೆ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳುವವರು ಯಾವ ಭಾಷೆಯಲ್ಲಿ ಹೇಳುತ್ತಾರೆ? ಪಹಣಿ, ಕ್ರಯಪತ್ರ, ವಿಭಾಗಪತ್ರ ಯಾವ ಭಾಷೆಯಲ್ಲಿವೆ? ಅವನ್ನು ಓದಲು ತಡವರಿಸುವವರನ್ನು ಯಾವ ಒಕ್ಕೂಟವೂ ತಡೆದಿಲ್ಲ. ಅವರಿಗೆ ಯಾರೂ ‘ದಿನಕ್ಕೆ ಹತ್ತು ಕನ್ನಡ ಪದ ಕಲಿ’ ಎಂದು ಉಪದೇಶಿಸಿಲ್ಲ.

ಇದೇ ಕ್ಲಾಟ್‌ನಿಂದ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲು ಹುಟ್ಟಿದ್ದು ಕರ್ನಾಟಕದ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯ್ದೆಯಿಂದ. 2020ರಲ್ಲಿ ರಾಜ್ಯದ ವಿದ್ಯಾರ್ಥಿಗಳಿಗೆ ಶೇ 25 ಮೀಸಲು ಎಂದು ತಿದ್ದುಪಡಿ ತಂದರೆ ಹೈಕೋರ್ಟ್ ಹೊಡೆದುಹಾಕಿತು. ಆಮೇಲೆ ವಿಶ್ವವಿದ್ಯಾಲಯ ತಾನಾಗಿಯೇ ಅಂಥದ್ದೊಂದು ವ್ಯವಸ್ಥೆ ಮಾಡಿಕೊಂಡಿತು. ಹತ್ತು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂಬುದು ಷರತ್ತು. ಹತ್ತು ವರ್ಷ ಎಲ್ಲಿ ಓದಿದರೂ ನಡೆಯುತ್ತದೆ, ಕೋರಮಂಗಲದ ಇಂಟರ್‌ನ್ಯಾಷನಲ್ ಶಾಲೆಯಾದರೂ ಸೈ. ಆ ಸೀಟುಗಳಲ್ಲಿ ಕನ್ನಡ ಮಾಧ್ಯಮದವರು ಎಷ್ಟು ಜನ ಕೂತಿದ್ದಾರೆ, ವರ್ಷವಾರು ಪಟ್ಟಿ ಹಾಕಲಿ. ಸರ್ಕಾರವನ್ನು ಕೇಳಿ ಪ್ರಯೋಜನವಿಲ್ಲ. ಅದು 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದು ಕೈ ತೊಳೆದುಕೊಂಡಿತು. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಸರಿಯಾಗಿ ಕಲಿಸುವ ಕಷ್ಟದ ಕೆಲಸವನ್ನು ಮುಟ್ಟಲೇ ಇಲ್ಲ. ನವೆಂಬರ್ ಬಂದರೆ ಬಾವುಟ ಹಿಡಿಯುವ ಮಂತ್ರಿಗಳ ಮೊಮ್ಮಕ್ಕಳು ಎಲ್ಲಿ ಓದುತ್ತಾರೆಂದು ಕೇಳುವುದನ್ನೇ ಜನ ಬಿಟ್ಟಿದ್ದಾರೆ. ಇಂಗ್ಲಿಷ್ ಬಂದವರು ಬಾರದವರ ಪರವಾಗಿ ತೀರ್ಮಾನಿಸುವುದು ಈ ನಾಡಿನ ಹಳೆಯ ಚಾಳಿ, ಅದರ ಬಗ್ಗೆ ಬರೆಯಲು ಹೋದರೆ ಪತ್ರಿಕೆಯ ಪುಟ ಸಾಲದು.

ಒಕ್ಕೂಟದವರೇ, ಮುದ್ರಣದ ಖರ್ಚು, ಅನುವಾದದ ಖರ್ಚು ಎಂಬ ನೆಪ ಮಾತ್ರ ತೆಗೆಯಬೇಡಿ. ಸಾಮಾನ್ಯ ವರ್ಗದ ಅಭ್ಯರ್ಥಿಯಿಂದ 4,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದ ಮಗುವಿನಿಂದಲೂ 3,500 ರೂಪಾಯಿ ಅರ್ಜಿ ಶುಲ್ಕ ಎಂದು ಎಣಿಸಿಕೊಂಡವರು ನೀವು. ಆ ದುಡ್ಡಿನಲ್ಲಿ ಇಬ್ಬರು ಒಳ್ಳೆಯ ಅನುವಾದಕರು ಸಿಗುವುದಿಲ್ಲವೇ? ಬರುವ ಡಿಸೆಂಬರಿನ ಪರೀಕ್ಷೆಗೆ ಆಗದಿದ್ದರೆ ಅದರ ಮುಂದಿನ ಡಿಸೆಂಬರ್ ಅನ್ನಿ, ದಿನಾಂಕವನ್ನಾದರೂ ಹೇಳಿ.